ಹನ್ನೊಂದನೇ ಬೇಸಿನ್ನಿನ ಕೈ

ಕಿರ್ ಎಂದು ಎಳೆದು ಟಕ್ ಎಂದು ಬೀಳುವ ಒಂದು ಶಬ್ದ ನನ್ನ ಎಡಗಿವಿಯಲ್ಲಿ ಇನ್ನೂ ಉಳಿದುಕೊಂಡಿದೆ. ಎಡಗಿವಿ ಎಂದು ಇಷ್ಟು ಖಚಿತವಾಗಿ ಹೇಳುವುದಕ್ಕೆ ಕಾರಣವಿದೆ. ಶಿಡ್ಲಘಟ್ಟದ ನಮ್ಮ ಅಡುಗೆಮನೆಯಲ್ಲಿ ಒಲೆಯ ಮುಂದೆ ನಿಂತರೆ ಎಡಕ್ಕೆ ಗೋಡೆ. ಗೋಡೆಯ ಆಚೆಗೆ ನಮ್ಮ ಯಜಮಾನರ ಫಿಲೇಚರ್, ಅಂದರೆ ರೇಷ್ಮೆಗೂಡಿನಿಂದ ನೂಲು ತೆಗೆಯುವ ಶೆಡ್ಡು. ಹೆಸರು ಫ್ರೆಂಚ್ ಸೆಂಟಿನ ಹಾಗಿದ್ದರೂ ವಾಸನೆ ಬೇರೆಯೇ ಇತ್ತು. ತಗಡಿನ ಸೂರು, ಹೊಗೆ ಹಿಡಿದ ಗೋಡೆ, ಸಾಲಾಗಿ ಹನ್ನೆರಡು ಬಿಸಿನೀರಿನ ಬೇಸಿನ್ನುಗಳು, ಒಂದೊಂದರ ಮುಂದೂ ಒಬ್ಬೊಬ್ಬ ಹೆಂಗಸು, ಮೇಲುಗಡೆ ಕಿರ್, ಟಕ್ ಎಂದು ತಿರುಗುವ ರಾಟೆಗಳು. ಬೆಂದ ಗೂಡುಗಳಿಂದ ಕಣ್ಣಿಗೆ ಕಾಣದಷ್ಟು ಸಣ್ಣ ಎಳೆಗಳನ್ನು ಹಿಡಿದು, ಎಂಟೋ ಒಂಬತ್ತೋ ಎಳೆ ಸೇರಿಸಿ ಒಂದು ನೂಲು ಮಾಡಿ ರಾಟೆಗೆ ಕೊಡುವುದು ಅವರ ಕೆಲಸ. ಒಂದು ಗೂಡು ಮುಗಿದರೆ ನೂಲು ಸಣ್ಣಗಾಗುತ್ತದೆ. ಆ ಕ್ಷಣವೇ ಬೇರೆ ಗೂಡಿನ ಎಳೆಯನ್ನು ಓಡುತ್ತಿರುವ ನೂಲಿಗೆ ಚಿಮ್ಮಿಸಬೇಕು. ಅದನ್ನು ಎಳೆ ಕೊಡುವುದು ಎನ್ನುತ್ತಿದ್ದರು.

ಶೆಡ್ಡಿನಲ್ಲಿ ಯಾರಿಗೂ ಹೆಸರಿರಲಿಲ್ಲ. ಇತ್ತು, ಆದರೆ ಅದು ಅವರವರ ಮನೆಯಲ್ಲಿ. ಇಲ್ಲಿ ಬೇಸಿನ್ನಿನ ನಂಬರೇ ಹೆಸರು. ಯಜಮಾನರು ಬಾಗಿಲಲ್ಲಿ ನಿಂತು, "ಐದು, ಎಳೆ ನೋಡು. ಒಂಬತ್ತು, ಬಾಯಿ ಕಡ್ಮೆ, ಕೈ ಜಾಸ್ತಿ" ಎನ್ನುತ್ತಿದ್ದರು. ಹನ್ನೊಂದಕ್ಕೆ ಮಾತ್ರ ಏನೂ ಹೇಳುತ್ತಿರಲಿಲ್ಲ. ಹೇಳುವ ಅಗತ್ಯ ಬೀಳುತ್ತಿರಲಿಲ್ಲ. ಮನೆಗೆ ಸೊಸೆಯಾಗಿ ಬಂದ ನಾನೂ ಒಂದು ವಾರದೊಳಗೆ ಕಲಿತುಬಿಟ್ಟೆ. "ಹನ್ನೊಂದು, ಕಾಫಿ ತಗೊಂಡ್ ಹೋಗು" ಎಂದು ಅಡುಗೆಮನೆಯ ಕಿಟಕಿಯಿಂದ ಕೂಗುತ್ತಿದ್ದೆ. ಎಲ್ಲರನ್ನೂ ಮಿಸ್ಸು, ಮೇಡಮ್ಮು ಎಂದು ಕರೆಯುವ ಕಾನ್ವೆಂಟಿನಲ್ಲಿ ಹತ್ತು ವರ್ಷ ಕಲಿತು ಬಂದವಳು ನಾನು.

ಆ ಕಾನ್ವೆಂಟಿನ ವಿಷಯವನ್ನೂ ಹೇಳಿಬಿಡುತ್ತೇನೆ. ನಾನು ಹುಟ್ಟಿದ್ದು ತೊಂಡೇಬಾವಿಯಲ್ಲಿ. ನಿಲ್ಲದೆ ಹೋಗುವ ಗೂಡ್ಸ್ ಗಾಡಿಯ ತಾಳಕ್ಕೆ ಸ್ಕಿಪ್ಪಿಂಗ್ ಆಡುವುದು ನಮ್ಮ ಬೀದಿಯ ಹುಡುಗಿಯರ ಆಟ. ಹಳಿಯ ಸಂದಿನ ಮೇಲೆ ಗಾಲಿ ಬಿದ್ದಾಗ ಹಗ್ಗ ಕಾಲಿನ ಕೆಳಗಿರಬೇಕು. ಕೊನೆಯ ಡಬ್ಬಿ ದಾಟುವವರೆಗೆ ತಪ್ಪದೆ ಹಾರಿದವಳು ಗೆದ್ದಳು. ನಾನು ಬಹಳ ಸಲ ಗೆದ್ದಿದ್ದೇನೆ. ಜೀವನದಲ್ಲಿ ಗೆದ್ದದ್ದು ಹೆಚ್ಚುಕಡಿಮೆ ಅಷ್ಟೇ. ಆಮೇಲೆ ಅಪ್ಪ ನನ್ನನ್ನು ಹಾಸ್ಟೆಲ್ಲಿಗೆ ಸೇರಿಸಿದರು. ಅಲ್ಲಿನ ಮ್ಯೂಸಿಕ್ ಸಿಸ್ಟರಿಗೆ ನನ್ನ ಬೆರಳು ಉದ್ದವಾಗಿ ಕಂಡಿತಾದ್ದರಿಂದ ಪಿಯಾನೋ ಮುಂದೆ ಕೂರಿಸಿದರು. ದೊಡ್ಡ ದೊಡ್ಡ ಸಂಗೀತವನ್ನೆಲ್ಲ ನುಡಿಸಿದೆ ಎಂದುಕೊಳ್ಳಬೇಡಿ. ಡ್ರಿಲ್ ಪೀರಿಯಡ್ಡಿನಲ್ಲಿ ನೂರಾರು ಹುಡುಗಿಯರು ಕೈ ಎತ್ತಿ ಇಳಿಸುವುದಕ್ಕೆ ಒಂದೇ ಮಾರ್ಚನ್ನು ವರ್ಷಗಟ್ಟಲೆ ಬಾರಿಸಿದೆ. ಸಿಸ್ಟರ್ ಬೆತ್ತ ಹಿಡಿದು ನಿಂತು ಹೇಳುತ್ತಿದ್ದರು, "ದ ಬಾಡಿ ಫಾಲೋಸ್ ದ ಮ್ಯೂಸಿಕ್, ಗರ್ಲ್ಸ್. ನೆವರ್ ದಿ ಅದರ್ ವೇ." ಮುಂದೆ ಸಂಗೀತ, ಹಿಂದೆ ಶರೀರ. ಹದಿನಾಲ್ಕರಲ್ಲಿ ಅದನ್ನು ಸಂಗೀತದ ಪಾಠ ಎಂದುಕೊಂಡಿದ್ದೆ. ಅದು ಮದುವೆಯ ಪಾಠ ಎಂದು ಇಪ್ಪತ್ತೊಂದರಲ್ಲಿ ಗೊತ್ತಾಯಿತು.

ಪಿಯಾನೋ ವಿಷಯವನ್ನು ಎತ್ತಿದಾಗ ನಮ್ಮತ್ತೆ ಸಿಟ್ಟಾಗಲಿಲ್ಲ. "ನಮ್ಮನೇಲಿ ಕುಣ್ಯೋರೂ ಇಲ್ಲ, ಕುಣಿಸೋರೂ ಇಲ್ಲ ಕಣಮ್ಮ" ಎಂದರು, ಅಷ್ಟೇ. ಆಮೇಲೆ ಗೋಡೆಯಾಚೆಯ ಟಕ್ಕಿಗೆ ಈಚೆ ನಾನು ಈರುಳ್ಳಿ ಹೆಚ್ಚುವುದನ್ನು ಕಲಿತೆ. ಕರೆಂಟು ಹೋಗಿ ರಾಟೆ ನಿಂತರೆ ನನ್ನ ಕೈ ತಪ್ಪಿ ಮುದ್ದೆ ಗಂಟಾಗುತ್ತಿತ್ತು. "ಓದಿದ ಹುಡ್ಗಿ, ಮುದ್ದೆ ಹಿಂಗೇ" ಎಂದು ಮನೆಯವರು ನಕ್ಕು ತಿನ್ನುತ್ತಿದ್ದರು. ತಪ್ಪು ನನ್ನದಲ್ಲ, ವಿದ್ಯುಚ್ಛಕ್ತಿಯದು ಎಂದು ಯಾರಿಗೆ ಹೇಳುವುದು?

ಮಧ್ಯಾಹ್ನ ಕಾಫಿ ಲೋಟ ವಾಪಸ್ಸು ತರುವ ನೆಪದಲ್ಲಿ ನಾನು ಶೆಡ್ಡಿಗೆ ಹೋಗಿ ಹನ್ನೊಂದರ ಪಕ್ಕ ನಿಲ್ಲುತ್ತಿದ್ದೆ. ಅವಳ ಹೆಸರು ಜೈಬುನ್ನಿಸಾ. ನನಗಿಂತ ಎರಡು ವರ್ಷ ದೊಡ್ಡವಳು. ಅವಳು ನೀರಿನ ಕಡೆ ನೋಡುತ್ತಲೇ ಇರಲಿಲ್ಲ. ಪಕ್ಕದವಳ ಜೊತೆ ಉರ್ದುವಿನಲ್ಲಿ ಮಾತು, ನನ್ನ ಜೊತೆ ಕನ್ನಡದಲ್ಲಿ ಹಾಸ್ಯ. ಕೈ ಮಾತ್ರ ತನ್ನ ಪಾಡಿಗೆ ಇಳಿಯುವುದು, ಹಿಡಿಯುವುದು, ಮೇಲಕ್ಕೆ ಚಿಮ್ಮುವುದು, ಪಕ್ಕದ ತಣ್ಣೀರಿನ ಬಟ್ಟಲಿಗೆ ಹೋಗಿ ಬರುವುದು.

"ಎಳೆ ಸಣ್ಣಗಾಗಿದ್ದು ನೋಡ್ದೇನೇ ಹೆಂಗೆ ಗೊತ್ತಾಗತ್ತೆ?" ಎಂದು ಒಂದು ದಿನ ಕೇಳಿದೆ.

"ಕೇಳ್ಸತ್ತಲ್ಲಮ್ಮ."

"ನಂಗೇನೂ ಕೇಳ್ಸಲ್ಲ."

"ನಿಮ್ದು ಇಂಗ್ಲಿಷ್ ಸ್ಕೂಲಿನ ಕಿವಿ. ಜೋರಾಗಿ ಹೇಳಿದ್ರೆ ಮಾತ್ರ ಕೇಳ್ಸೋದು."

ರೇಷ್ಮೆಯ ಎಳೆ ಸಣ್ಣಗಾಗುವುದು ಕಿವಿಗೆ ಕೇಳಲು ಸಾಧ್ಯವೇ ಎಂದು ನೀವು ಕೇಳಬಹುದು. ಸಾಧ್ಯವಿಲ್ಲ ಎಂದು ಯಜಮಾನರೇ ಹೇಳುತ್ತಿದ್ದರು. ಆದರೆ ಅವರು ಹಾಗೆ ಹೇಳುತ್ತಿರುವಾಗಲೇ ಆ ಕೈ ನೀರಿನಿಂದ ಚಿಮ್ಮಿ ಎಳೆ ಕೊಟ್ಟು ಬಂದಿರುತ್ತಿತ್ತು.

ಶಬ್ದ ಮೊದಲೋ ಚಲನೆ ಮೊದಲೋ ಎಂಬುದು ಸುಲಭದ ಪ್ರಶ್ನೆಯಲ್ಲ. ನಾಟ್ಯದ ಮೇಷ್ಟರುಗಳು ಮೊದಲು ಬಾಯಲ್ಲಿ ತಕಧಿಮಿ ಹೇಳಿ ಆಮೇಲೆ ಅದನ್ನು ಕಾಲಿಗೆ ಒಪ್ಪಿಸುತ್ತಾರೆ. ಅವರು ಸಿಸ್ಟರ್ ಪಕ್ಷ. ನಮ್ಮ ಕಡೆಯ ತಮಟೆಯವರು ಕುಣಿಯುತ್ತಲೇ ಬಡಿಯುತ್ತಾರೆ. ಕಾಲಿನಿಂದ ತಮಟೆಯೋ, ತಮಟೆಯಿಂದ ಕಾಲೋ, ಅವರಿಗೆ ಕೇಳಿದರೆ ನಗುತ್ತಾರೆ. ಶಿವನ ಕಥೆ ಇನ್ನೂ ವಿಚಿತ್ರ. ಅವನು ತಾಂಡವ ಮುಗಿಸಿ, ಕಡೆಗೆ ಡಮರು ಬಾರಿಸಿದ. ಆ ಶಬ್ದದಿಂದ ವ್ಯಾಕರಣ ಹುಟ್ಟಿತು ಎನ್ನುತ್ತಾರೆ. ಅಂದರೆ ಮೊದಲು ಕುಣಿತ, ಆಮೇಲೆ ನಾದ, ಎಲ್ಲಕ್ಕಿಂತ ಕಡೆಗೆ ಗ್ರಾಮರ್ರು. ನನ್ನ ಪಾಲಿಗೆ ಬಂದದ್ದು ಆ ಕಡೆಯದು. ಆಟೋಮ್ಯಾಟಿಕ್ ಮಷೀನುಗಳು ಬಂದು ನಮ್ಮ ಶೆಡ್ಡು ಮುಚ್ಚಿತು, ಯಜಮಾನರೂ ಹೋದರು. ನಾನು ಚಿಕ್ಕಬಳ್ಳಾಪುರಕ್ಕೆ ಬಂದು ಮಕ್ಕಳಿಗೆ ಇಂಗ್ಲಿಷ್ ವ್ಯಾಕರಣ ಹೇಳಿಕೊಟ್ಟು, ಅವರ ಕಾಮಾಗಳನ್ನು ಕೆಂಪು ಇಂಕಿನಲ್ಲಿ ತಿದ್ದಿ ರಿಟೈರ್ ಆದೆ. ಶೆಡ್ಡಿನಲ್ಲಿ ಈಗ ಮದುವೆಮನೆಗಳಿಗೆ ಬಾಡಿಗೆಗೆ ಕೊಡುವ ಪ್ಲಾಸ್ಟಿಕ್ ಕುರ್ಚಿಗಳಿವೆ ಎಂದು ಕೇಳಿದ್ದೇನೆ.

ಎಲ್ಲ ಮುಗಿಯಿತು ಎಂದುಕೊಂಡಿರುವಾಗ ನನ್ನ ತಂಗಿಯ ಮೊಮ್ಮಗಳು ಸಿಂಚನ ಬಂದಳು. ಅವಳು ಬೆಂಗಳೂರಿನಲ್ಲಿ ಎಲೆಕ್ಟ್ರಾನಿಕ್ ಮ್ಯೂಸಿಕ್ ಮಾಡುತ್ತಾಳೆ. ಎಲೆಕ್ಟ್ರಾನಿಕ್ ಮ್ಯೂಸಿಕ್ ಎಂದರೆ ನನಗೆ ಗೊತ್ತಿದ್ದದ್ದು ಗಣೇಶನ ಮೆರವಣಿಗೆಯ ಡಿ.ಜೆ. ಒಂದೇ. ಅದು ನಮ್ಮ ಬೀದಿಗೆ ಬಂದಾಗ ಕಿಟಕಿಯ ಗಾಜು, ಷೋಕೇಸಿನ ಕಪ್ಪು, ನನ್ನ ಎದೆಗೂಡು ಮೂರೂ ಒಂದೇ ತಾಳಕ್ಕೆ ಅಲುಗುತ್ತವೆ. ಮದುವೆಯಾದ ಮೇಲೆ ನನ್ನ ಶರೀರ ಬಹಿರಂಗವಾಗಿ ಮಾಡಿದ ನೃತ್ಯ ಅದೊಂದೇ, ಅದೂ ನನ್ನನ್ನು ಕೇಳದೆ.

"ಅದಲ್ಲ ಅಜ್ಜಿ" ಎಂದಳು ಸಿಂಚನ. "ಇದ್ರಲ್ಲಿ ಡ್ಯಾನ್ಸರ್ ಮ್ಯೂಸಿಕ್‌ಗೆ ಕುಣಿಯಲ್ಲ. ಡ್ಯಾನ್ಸರ್ ಕುಣಿದ್ರೆ ಅದೇ ಮ್ಯೂಸಿಕ್ ಆಗತ್ತೆ. ಕೈಗೆ ಸೆನ್ಸರ್ ಕಟ್ಟಿರ್ತೀವಿ. ಕೈ ಎತ್ತಿದ್ರೆ ಒಂದು ಸೌಂಡು, ತಿರುಗಿಸಿದ್ರೆ ಒಂದು. ಬಾಡಿ ಲೀಡ್ಸ್."

ಸಿಸ್ಟರ್ ಎಲ್ಲಿ ಮಲಗಿದ್ದಾರೋ ಅಲ್ಲಿ ಒಮ್ಮೆ ಮಗ್ಗುಲು ಬದಲಿಸಿರಬೇಕು. ನನಗೆ ಮಾತ್ರ, ಅರವತ್ತು ವರ್ಷ ತಡವಾಗಿ ಯಾರೋ ಬಾಗಿಲು ತೆಗೆದ ಹಾಗಾಯಿತು. ಅವಳ ಮುಂದಿನ ನೃತ್ಯಕ್ಕೆ ದುಡಿಮೆಯ ಕೈಗಳ ಚಲನೆ ಬೇಕಿತ್ತಂತೆ. ಅದನ್ನು ಹಿಡಿದಿಟ್ಟು, ಶಬ್ದ ಮಾಡಿ, ಡ್ಯಾನ್ಸರ್‌ಗೆ ಕಲಿಸುತ್ತಾಳಂತೆ. "ಯಾರಾದ್ರೂ ಗೊತ್ತಾ ಅಜ್ಜಿ?" ಎಂದಳು.

"ಹನ್ನೊಂದು" ಎಂದೆ. ಬಾಯಿಗೆ ಮೊದಲು ಬಂದದ್ದು ಅದೇ.

ಜೈಬುನ್ ಶಿಡ್ಲಘಟ್ಟದಲ್ಲಿ ಮಗಳ ಮನೆಯಲ್ಲಿದ್ದಳು. ಮೂವತ್ತು ವರ್ಷ ಕುಡಿದ ಹಬೆ ಮತ್ತು ಹೊಗೆ ಅವಳ ಎದೆಯಲ್ಲಿ ಮನೆ ಮಾಡಿ, ಉಸಿರಿಗೊಂದು ಸೀಟಿ ಸೇರಿತ್ತು. ಬೆರಳ ತುದಿಗಳು ಬೆಂದು ಬೆಂದು ನುಣ್ಣಗಾಗಿದ್ದವು. ಆಧಾರ್ ಕಾರ್ಡಿಗೆ ಹೆಬ್ಬೆಟ್ಟಿನ ಗುರುತು ಬೀಳಲಿಲ್ಲ ಎಂದು ಅವಳೇ ತಮಾಷೆಯಾಗಿ ತೋರಿಸಿದಳು. "ಸರ್ಕಾರ ಕೂಡ ನಂಬಲ್ಲಮ್ಮ ನಾನು ನಾನೇ ಅಂತ."

ಸಿಂಚನ ಅವಳ ಎರಡು ಮಣಿಕಟ್ಟಿಗೂ ಗಡಿಯಾರದಂಥ ಪಟ್ಟಿ ಕಟ್ಟಿ, ಹೆಡ್‌ಫೋನ್ ಹಾಕಿಕೊಂಡು, ಲ್ಯಾಪ್‌ಟಾಪ್ ಮುಂದೆ ಕೂತಳು. ಜೈಬುನ್ ಗಾಳಿಯಲ್ಲಿ ಕೈ ಆಡಿಸಿದಳು. ಏನೂ ಸರಿಬರಲಿಲ್ಲ. ಯಾರೋ ಅಪರಿಚಿತರ ಕೈಯಂತೆ ಅದು ಸುಮ್ಮನೆ ಮೇಲೆ ಕೆಳಗೆ ಹೋಗುತ್ತಿತ್ತು.

"ನೀರಿಲ್ಲ, ಗೂಡಿಲ್ಲ, ಗಾಳೀಲಿ ನೂಲ್ ತೆಗಿ ಅಂದ್ರೆ ಹೆಂಗಮ್ಮ? ನಾನೇನ್ ಜಾದೂಗಾರ್ತಿನಾ?" ಎಂದಳು. "ಬಿಸಿನೀರ್ ತರಿಸಿ. ಪಕ್ಕದಲ್ಲಿ ತಣ್ಣೀರೂ ಇರ್ಲಿ."

ಮಗಳು ಒಂದು ಪಾತ್ರೆಯಲ್ಲಿ ಕುದಿನೀರು ತಂದಿಟ್ಟಳು. ಪಕ್ಕದ ಮನೆಯಿಂದ ಹಿಡಿ ಗೂಡು ಬಂತು. ಆಗ ನೋಡಿ, ಆ ಕೈಗೆ ವಯಸ್ಸೇ ಮರೆತುಹೋಯಿತು. ಇಳಿಯಿತು, ಹಿಡಿಯಿತು, ಮಿಂಚಿನ ಹಾಗೆ ಮೇಲಕ್ಕೆ ಚಿಮ್ಮಿತು, ತಣ್ಣೀರಿಗೆ ಹೋಯಿತು, ಬಂತು. ಸಿಂಚನ ಸ್ಪೀಕರ್ ಹಾಕಿದಳು. ಕೈ ನೀರಿಗಿಳಿದಾಗ ಭೂಮಿಯೊಳಗಿಂದ ಬಂದಂಥ ಒಂದು ಗುಂಯ್, ಚಿಮ್ಮಿದಾಗ ಗಾಜಿನ ಎಳೆ ಮುರಿದಂಥ ಒಂದು ಸ್ವರ. ಜೈಬುನ್ ಬೆರಗಾಗಿ ತನ್ನ ಕೈಯನ್ನು ತಾನೇ ನೋಡಿಕೊಂಡಳು. ಬೇಕೆಂದೇ ಇನ್ನೊಮ್ಮೆ ಚಿಮ್ಮಿಸಿದಳು. ನಕ್ಕಳು. ಆ ನಗುವಿಗೂ ಸೀಟಿ ಇತ್ತು.

"ಅಜ್ಜಿ, ಆ ಫ್ಲಿಕ್ ನೋಡಿ. ಸೋ ಬ್ಯೂಟಿಫುಲ್" ಎಂದಳು ಸಿಂಚನ ಮತ್ತೆ ಹೆಡ್‌ಫೋನ್ ಏರಿಸುತ್ತ. "ಅದು ಹೇಗೆ ಬಂತು ಅಂತ ಕೇಳಿ."

ಕೇಳಿದೆ.

"ಸುಡತ್ತಲ್ಲಮ್ಮ" ಎಂದಳು ಜೈಬುನ್.

ಸಿಂಚನಳಿಗೆ ಕೇಳಿಸಲಿಲ್ಲ. "ಏನಂದ್ರು?" ಎಂದು ಕೈಸನ್ನೆ ಮಾಡಿದಳು. "ಅಭ್ಯಾಸದಿಂದ ಬಂದಿದ್ದಂತೆ" ಎಂದೆ ನಾನು ಜೋರಾಗಿ. ಏಕೆ ಹಾಗೆ ಹೇಳಿದೆ? ಆ ಘಳಿಗೆ ಚೆನ್ನಾಗಿತ್ತು, ಕೆಡಿಸುವುದು ಬೇಡ ಎನ್ನಿಸಿತು. ಜೊತೆಗೆ, ಆ ನೀರನ್ನು ಅಷ್ಟು ವರ್ಷ ಕಾಯಿಸಿದ್ದು ನಮ್ಮ ಮನೆಯ ಸೌದೆ.

ಹೊರಡುವಾಗ ಸಿಂಚನ, "ನಿಮ್ಗೇನ್ ಕೊಡ್ಲಿ ಅಜ್ಜಿ?" ಎಂದು ಕೇಳಿದಳು. ಜೈಬುನ್ ಯೋಚಿಸಲಿಲ್ಲ, ಮೊದಲೇ ಯೋಚಿಸಿಟ್ಟಿದ್ದಳು ಎಂದು ಕಾಣುತ್ತದೆ.

"ಅಲ್ಲಿ ಮೈಕಲ್ಲಿ ನನ್ ಹೆಸ್ರು ಹೇಳ್ಬೇಕು. ಜೈಬುನ್ನಿಸಾ ಅಂತ, ಪೂರ್ತಿ." ನನ್ನ ಕಡೆ ತಿರುಗಿದಳು. "ಹನ್ನೊಂದು ಅಂತ ಬೇಡಮ್ಮ. ನಮ್ ಹೆಂಗಸ್ರ ಸುದ್ದಿ ಮೈಕಲ್ಲಿ ಬರೋದು ಒಂದೇ ಸಲ, ಹೋದ್ಮೇಲೆ, ಮಸೀದೀಲಿ. ಅಲ್ಲೂ ಇಂಥೋರ ಹೆಂಡ್ತಿ ಅಂತಾರೆ. ಕೇಳಕ್ಕೆ ನಾವಿರಲ್ಲ, ಬಿಡಿ."

"ಖಂಡಿತ ಹೇಳಿಸ್ತೀನಿ" ಎಂದೆ. ಮಾತು ಕೊಟ್ಟವಳು ನಾನು, ಸಿಂಚನಳಲ್ಲ.

"ನಂಗೆ ಅಲ್ಲೀಗಂಟ ಬರಕ್ಕಾಗಲ್ಲ. ನನ್ ಬದ್ಲು ನೀವು ಕೇಳ್ಕೊಂಡ್ ಬನ್ನಿ."

ಈಗ ಆ ಗ್ರಾಮರ್ರಿನ ವಿಷಯಕ್ಕೆ ಬರಬೇಕು. ತಪ್ಪಿಸಿಕೊಳ್ಳಲು ಶಿವನವರೆಗೂ ಹೋಗಿ ಬಂದೆ, ಆಗಲಿಲ್ಲ.

ಕಾರ್ಯಕ್ರಮಕ್ಕೆ ವಾರವಿರುವಾಗ ಸಿಂಚನ ಬ್ರೋಷರಿನ ಇಂಗ್ಲಿಷ್ ಒಕ್ಕಣೆಯನ್ನು ವಾಟ್ಸಾಪಿನಲ್ಲಿ ಕಳಿಸಿದಳು. "ಅಜ್ಜಿ, ನಿಮ್ಮ ಇಂಗ್ಲಿಷ್ ನಮ್ಮದಕ್ಕಿಂತ ಚೆನ್ನಾಗಿದೆ, ತಿದ್ದಿ ಕೊಡಿ. ಇದನ್ನೇ ಸ್ಟೇಜ್ ಮೇಲೂ ಓದ್ತಾರೆ" ಎಂದಿದ್ದಳು. ಈ ವಯಸ್ಸಿನಲ್ಲಿ ಯಾರಾದರೂ ನಮ್ಮ ಇಂಗ್ಲಿಷನ್ನು ಹೊಗಳಿದರೆ ಆಗುವ ಸುಖ ನಿಮಗೆ ತಿಳಿಯದು. ಕನ್ನಡಕ ಒರೆಸಿಕೊಂಡು, ಮೇಜಿನ ಮುಂದೆ ನೆಟ್ಟಗೆ ಕೂತೆ. ಅದರಲ್ಲಿ ಒಂದು ಸಾಲು: ಕೈಗಳ ಚಲನೆ, ಜೈಬುನ್ನಿಸಾ, ಶಿಡ್ಲಘಟ್ಟ. ಹುಡುಗಿ ಮರೆತಿರಲಿಲ್ಲ. ನನಗೆ ಮಾತ್ರ ಆ ಸಾಲು ಬೋಳು ಬೋಳಾಗಿ ಕಂಡಿತು. ಇನಿಷಿಯಲ್ ಇಲ್ಲ, ಸರ್‌ನೇಮ್ ಇಲ್ಲ, ವಾಕ್ಯಕ್ಕೆ ಕ್ರಿಯಾಪದವಿಲ್ಲ. ಹೊಡೆದುಹಾಕಿ ಬರೆದೆ: ಶಿಡ್ಲಘಟ್ಟದ ರೇಷ್ಮೆ ನೂಲುವ ಎಲ್ಲ ಮಹಿಳೆಯರಿಗೆ, ಅವರ ಅನಾಮಧೇಯ ಕೈಗಳ ಕಾವ್ಯಕ್ಕೆ, ಈ ಪ್ರಯೋಗ ಋಣಿ. ಇಂಗ್ಲಿಷಿನಲ್ಲಿ ಅದು ಇನ್ನೂ ಚೆನ್ನಾಗಿತ್ತು. ಸಿಸ್ಟರ್ ಇದ್ದಿದ್ದರೆ ಮಾರ್ಜಿನ್ನಿನಲ್ಲಿ ವೆರಿ ಗುಡ್ ಬರೆಯುತ್ತಿದ್ದರು.

ಒಬ್ಬಳ ಬದಲು ಎಲ್ಲರಿಗೂ ಗೌರವ ಸಿಕ್ಕಂತಾಯಿತಲ್ಲ ಎಂದು ಸಮಾಧಾನ ಮಾಡಿಕೊಂಡೆ. ಹೆಸರಿದ್ದವಳನ್ನು ಹಿಡಿದು ಅನಾಮಧೇಯಳನ್ನಾಗಿ ಮಾಡಿ ಕಾವ್ಯ ಎಂದು ಕರೆದೆ ಎಂಬುದು ಆಗ ಹೊಳೆಯಲಿಲ್ಲ ಎಂದು ಹೇಳಿದರೆ ನೀವು ನಂಬಬಹುದು, ನಾನು ನಂಬುವುದಿಲ್ಲ. ಕೆಳಗೆ ಕೃತಜ್ಞತೆಯ ಪಟ್ಟಿಯಲ್ಲಿ ನನ್ನ ಹೆಸರಿತ್ತು, ಇನಿಷಿಯಲ್ ಸಮೇತ. ಅದರ ಸ್ಪೆಲ್ಲಿಂಗನ್ನು ಎರಡು ಸಲ ನೋಡಿ, ಸರಿಯಿದೆ ಎಂದು ವಾಪಸ್ಸು ಕಳಿಸಿದೆ.

ಕಾರ್ಯಕ್ರಮ ಬೆಂಗಳೂರಿನಲ್ಲಿ, ಸಂಜೆ ಆರಕ್ಕೆ. ಮೊದಲು ದೀಪ ಆರಿತು. ಆಮೇಲೆ ಕತ್ತಲಲ್ಲಿ ಕಿರ್, ಟಕ್. ಸಿಂಚನ ಎಲ್ಲಿಂದ ಅದನ್ನು ತಂದಳೋ, ಹಾಲಿನ ಅಷ್ಟೂ ಸ್ಪೀಕರುಗಳಿಂದ ನನ್ನ ಅಡುಗೆಮನೆಯ ಗೋಡೆ ಎದ್ದು ಬಂತು. ಎಡಗಿವಿ ಬಿಸಿಯಾಯಿತು. ಬೆಳಕು ಬಂದಾಗ ತೆಳು ಬಿಳಿ ರೇಷ್ಮೆಯುಟ್ಟ ಹುಡುಗಿಯೊಬ್ಬಳು ಮಂಡಿಯೂರಿ ಕೂತಿದ್ದಳು. ಅವಳ ಕೈ ಇಳಿದರೆ ನೆಲ ಗುಂಯ್‌ಗುಟ್ಟುತ್ತಿತ್ತು, ಚಿಮ್ಮಿದರೆ ಗಾಜು ಮುರಿಯುತ್ತಿತ್ತು. ಚೆನ್ನಾಗಿತ್ತು. ಕಹಿಗಾಗಿ ಸುಳ್ಳು ಹೇಳಲಾರೆ, ಬಹಳ ಚೆನ್ನಾಗಿತ್ತು. ಆದರೆ ಆ ಹುಡುಗಿ ಎಷ್ಟು ಸಲ ಕೈ ಚಿಮ್ಮಿಸಿದರೂ ಅವಳ ಮುಖದಲ್ಲೊಂದು ಮಂದಹಾಸವಿತ್ತು. ತಣ್ಣೀರಿನ ಬಟ್ಟಲಿಗೆ ಹೋಗುವ ಚಲನೆಯನ್ನು ಅವರು ಬಿಟ್ಟುಬಿಟ್ಟಿದ್ದರು. ಏಕೆಂದು ಅವರಿಗೆ ತಿಳಿದಿರಲಿಲ್ಲ, ತಿಳಿದವಳು ಹೇಳಿರಲಿಲ್ಲ. "ಹೌ ಗ್ರೇಸ್‌ಫುಲ್" ಎಂದರು ಪಕ್ಕದಲ್ಲಿ ಕೂತವರು.

ಕಡೆಗೆ ನಿರೂಪಕಿ ನನ್ನ ವಾಕ್ಯವನ್ನು ಓದಿದಳು, ನನ್ನ ಕಾಮಾ ಇದ್ದಲ್ಲಿ ಸರಿಯಾಗಿ ನಿಲ್ಲಿಸಿ. ದೊಡ್ಡ ಚಪ್ಪಾಳೆ. ಆಮೇಲೆ ನನ್ನ ಹೆಸರು. ಸಿಂಚನ ಸ್ಟೇಜಿನಿಂದ, ಎದ್ದು ನಿಲ್ಲಿ ಅಜ್ಜಿ ಎಂದು ಸನ್ನೆ ಮಾಡಿದಳು. ಆಗಲಾದರೂ ಒಂದು ಹೆಸರನ್ನು ಕೂಗಿ ಹೇಳಬಹುದಾಗಿತ್ತು. ಎದ್ದೆ, ಕೈ ಮುಗಿದೆ, ಕೂತೆ. ಶರೀರ ಚಪ್ಪಾಳೆಯನ್ನು ಹಿಂಬಾಲಿಸಿತು.

ಮರುವಾರ ಶಿಡ್ಲಘಟ್ಟಕ್ಕೆ ಹೋದೆ. ನಾನು ಜೈಬುನ್ನನ್ನು ನೋಡಿದ್ದು ಆ ಮಧ್ಯಾಹ್ನವೇ ಕೊನೆ. ರಂಜಾನಿಗೆ ಮುಂಚೆಯೇ ಅವಳು ಹೋದಳೆಂದು ಮಗಳು ಆಮೇಲೆ ಫೋನ್ ಮಾಡಿದಳು. ಅವಳು ದಿಂಬಿಗೆ ಒರಗಿ ಕಣ್ಣು ಮುಚ್ಚಿಕೊಂಡಿದ್ದಳು. ಉಸಿರು ಮಾತಿಗಿಂತ ಜೋರಾಗಿತ್ತು. ಮಂಚದ ಪಕ್ಕ ಸ್ಟೂಲಿನಲ್ಲಿ ಕೂತೆ.

"ಹೇಳಿದ್ರಾ ಅಮ್ಮ?"

"ಹೇಳಿದ್ರು."

"ಪೂರ್ತಿ?"

"ಪೂರ್ತಿ."

"ಹೆಂಗ್ ಹೇಳಿದ್ರು, ಹಂಗೇ ಹೇಳಿ ಒಂದ್ಸಲ. ಮೈಕಲ್ಲಿ ಹೇಳ್ದಂಗೆ."

ಕಾನ್ವೆಂಟಿನ ಎಲೊಕ್ಯೂಷನ್ ಸ್ಪರ್ಧೆಯಲ್ಲಿ ಪ್ರೈಜು ತೆಗೆದುಕೊಂಡವಳು ನಾನು. ಎದ್ದು ನಿಂತು, ಗಂಟಲು ಸರಿಮಾಡಿಕೊಂಡು, "ಕೈಗಳ ಚಲನೆ, ಜೈಬುನ್ನಿಸಾ, ಶಿಡ್ಲಘಟ್ಟ" ಎಂದೆ. ಆ ಹೆಸರನ್ನು ಪೂರ್ತಿಯಾಗಿ ಅವಳ ಮುಂದೆ ಹೇಳಿದ್ದು ಅದೇ ಮೊದಲು. ಶುರುವಿನಲ್ಲಿ ಚೆನ್ನಾಗಿಯೇ ಇತ್ತು. ಊರಿನ ಹೆಸರಿಗೆ ಬರುವಷ್ಟರಲ್ಲಿ ನನ್ನ ದನಿ ಸಣ್ಣಗಾಯಿತು.

ಅವಳು ಕಣ್ಣು ತೆರೆಯಲಿಲ್ಲ. ನಾನು ಮತ್ತೆ ಕೂತುಕೊಳ್ಳುವಾಗ, ಹೊದಿಕೆಯ ಮೇಲಿದ್ದ ಅವಳ ಬಲಗೈ ತಾನಾಗಿ ಇಳಿಯಿತು, ಎರಡು ಬೆರಳಲ್ಲಿ ಏನನ್ನೋ ಹಿಡಿಯಿತು, ಮೇಲಕ್ಕೆ ಚಿಮ್ಮಿತು. ಆಮೇಲೆ ಎಂದಿನಂತೆ ಪಕ್ಕಕ್ಕೆ ಸರಿದು ತಣ್ಣೀರಿನ ಬಟ್ಟಲನ್ನು ಹುಡುಕಿತು. ಅಲ್ಲಿ ಇದ್ದದ್ದು ನನ್ನ ಕೈ. ಅದು ತಣ್ಣಗಿತ್ತು.